ಕಾರಿಗೆ ಪಿಪಿಎಫ್: ಎಲ್ಲಿ ಬೇಕು, ಎಲ್ಲಿ ಬೇಡ

ಕಾರ್ಖಾನೆಯಿಂದ ಹೊರಬೀಳುವ ಕಾರಿನ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್, ಅಂದರೆ ದಿನಪತ್ರಿಕೆಯ ಎರಡು ಹಾಳೆಯಷ್ಟು. ಅಷ್ಟರಲ್ಲೇ ತುಕ್ಕು ತಡೆಯುವ ತಳಲೇಪ, ಪ್ರೈಮರ್, ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಸೇರಿವೆ. ಹೊಳಪು ಕೊಡುವುದೂ ಬಿಸಿಲಿಗೆ ಎದೆಯೊಡ್ಡುವುದೂ ಈ ಕೊನೆಯ ಪದರವೇ. ಅದರ ಪಾಲು 40–50 ಮೈಕ್ರಾನ್. ಪಾಲಿಶ್ ಮೆಷಿನ್ ಆಡಿಸಿದಾಗಲೆಲ್ಲ ಅದು ಇಷ್ಟಿಷ್ಟೇ ಸವೆಯುತ್ತದೆ. ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಎಲ್ಲರ ಬಾಯಲ್ಲಿ ಪಿಪಿಎಫ್, ಇದರ ಮೇಲೆ ಅಂಟಿಸುವ 150ರಿಂದ 200 ಮೈಕ್ರಾನ್ ದಪ್ಪದ ಪಾರದರ್ಶಕ ಹಾಳೆ. ಕಾಯುವುದಕ್ಕೆ ಬಂದದ್ದು ಬಣ್ಣಕ್ಕಿಂತಲೂ ದಪ್ಪ.

ಇದರ ಮೂಲ ಯುದ್ಧಭೂಮಿ. ವಿಯೆಟ್ನಾಂನಲ್ಲಿ ಅಮೆರಿಕದ ಹೆಲಿಕಾಪ್ಟರುಗಳ ರೆಕ್ಕೆಯಂಚುಗಳು ಮರಳು, ಚೂರುಗಳ ಹೊಡೆತಕ್ಕೆ ಬೇಗ ಸವೆಯುತ್ತಿದ್ದವು. ಅದಕ್ಕೆ 3ಎಂ ಕಂಪನಿ ಪಾಲಿಯುರೆಥೇನ್ ಟೇಪು ಒದಗಿಸಿತು. ಅಲ್ಲಿಂದ ಅದು ರೇಸ್ ಕಾರುಗಳ ಮೂತಿಗೆ, ಮುಂದೆ ದುಬಾರಿ ಕಾರುಗಳಿಗೆ ಬಂತು. ಭಾರತದಲ್ಲಿ ಛತ್ರಪತಿ ಸಂಭಾಜಿನಗರದ ಹತ್ತಿರದ ವಾಳುಜ್‌ನಲ್ಲಿ ಗರ್ವಾರೆ ಕಂಪನಿಯೇ ಈ ಫಿಲ್ಮ್ ತಯಾರಿಸುತ್ತದೆ. ಇದು ಬರೀ ಆಮದಿನ ಶೋಕಿಯಾಗಿ ಉಳಿದಿಲ್ಲ.

ಒಳ್ಳೆಯ ಫಿಲ್ಮ್ ಟಿಪಿಯು, ಅಂದರೆ ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್. ಅದರಲ್ಲೂ ಅಲಿಫ್ಯಾಟಿಕ್ ಜಾತಿಯದು ಬಿಸಿಲಿಗೆ ಬೇಗ ಹಳದಿಯಾಗುವುದಿಲ್ಲ. ಆರೊಮ್ಯಾಟಿಕ್ ಜಾತಿಯದು ಆಗುತ್ತದೆ. ಬೆಲೆ ಅರ್ಧಕ್ಕರ್ಧ ಕಡಿಮೆಯಾದರೆ ಕೈಗೆ ಬಂದಿರುವುದು ಬಹುಪಾಲು ಪಿವಿಸಿ. ಟಿಪಿಎಚ್ ಎಂದು ಹೇಳಿ ಮಾರುವುದೂ ಸಾಮಾನ್ಯವಾಗಿ ಮೆದುಗೊಳಿಸಿದ ಪಿವಿಸಿಯೇ. ಚೂರೊಂದನ್ನು ಹಿಡಿದು ಎಳೆದರೆ ಟಿಪಿಯು ರಬ್ಬರಿನ ಹಾಗೆ ಹಿಗ್ಗಿ ಹಿಂದಕ್ಕೆ ಬರುತ್ತದೆ, ಪಿವಿಸಿ ಎಳೆದಲ್ಲೇ ನಿಲ್ಲುತ್ತದೆ. ಅಂಗಡಿಯಲ್ಲಿ ಕೇಳಿ ಪಡೆಯಬೇಕಾದ ಮೊದಲ ವಸ್ತು ಆ ಚೂರು, ಬ್ರೋಷರ್ ಅಲ್ಲ.

ಅಂಗಡಿಯವರಿಗೆ ಪ್ರಿಯವಾದ ಪ್ರದರ್ಶನ ಇನ್ನೊಂದು. ತಂತಿ ಬ್ರಷ್ಷಿನಿಂದ ಫಿಲ್ಮನ್ನು ಗೀಚಿ, ಬಿಸಿನೀರು ಸುರಿದು, ಗೀರು ಮಾಯವಾಗುವುದನ್ನು ತೋರಿಸುತ್ತಾರೆ. ಇದು ಕಣ್ಕಟ್ಟಲ್ಲ. ಫಿಲ್ಮಿನ ಮೇಲ್ಪದರದ ಪಾಲಿಮರ್ ಬಿಸಿಗೆ ಸಡಿಲಗೊಂಡು ಮೊದಲಿನ ಆಕಾರಕ್ಕೆ ಮರಳುತ್ತದೆ. ಆದರೆ ಆ ಮೇಲ್ಪದರ ಕೆಲವೇ ಮೈಕ್ರಾನ್ ದಪ್ಪ. ಒರೆಸುವ ಬಟ್ಟೆಯ, ಕಾರ್ ಕವರಿನ ಸಣ್ಣ ಗೀರುಗಳಿಗಷ್ಟೇ ಈ ಗುಣ. ಪಕ್ಕದ ಬೈಕಿನ ಹ್ಯಾಂಡಲ್ ಕೊರೆದ ಗಾಯ ಎಷ್ಟು ಬಿಸಿನೀರು ಸುರಿದರೂ ಹೋಗದು. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ತಾನೇ ಮಾಯುವ ಗೀರಿಗೆ ಮಡಿಕೇರಿಯ ಜುಲೈನಲ್ಲಿ ಕೆಟಲ್ ಹಿಡಿದು ಹೋಗಬೇಕು.

ಫಿಲ್ಮಿನ ಹಣೆಬರಹ ಅರ್ಧ ಬರೆಯುವುದು ಅದನ್ನು ಕೂರಿಸುವ ಕೈ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಈ ಕೆಲಸವನ್ನು ಹತ್ತಿರದಿಂದ ನೋಡಿದರೆ ಹಣ ಎಲ್ಲಿಗೆ ಹೋಗುತ್ತದೆಂದು ಅರ್ಥವಾಗುತ್ತದೆ. ಮೊದಲು ಕಾರು ತೊಳೆದು, ಅಂಗೈಗೆ ಹತ್ತುವ ಸಣ್ಣ ತರಿಯನ್ನೆಲ್ಲ ಕ್ಲೇ ಉಜ್ಜಿ ತೆಗೆಯುತ್ತಾರೆ. ಬಾನೆಟ್ ಮೇಲೆ ಬೇಬಿ ಶಾಂಪೂ ಬೆರೆಸಿದ ನೀರನ್ನು ಧಾರಾಳವಾಗಿ ಸಿಂಪಡಿಸುತ್ತಾರೆ. ಸುಮಾರು 1.52 ಮೀಟರ್ ಅಗಲದ ಸುರುಳಿಯಿಂದ ಕತ್ತರಿಸಿದ ಹಾಳೆಯನ್ನು ಇಬ್ಬರು ನಾಲ್ಕು ಮೂಲೆ ಹಿಡಿದು ಇಳಿಸುತ್ತಾರೆ. ಆ ನೀರು ಇರುವವರೆಗೆ ಹಾಳೆ ಜಾರುತ್ತದೆ, ಜಾಗಕ್ಕೆ ಸರಿಸಬಹುದು. ಆಮೇಲೆ ಸ್ಕ್ವೀಜಿ ಹಿಡಿದು ನಡುವಿನಿಂದ ಅಂಚಿಗೆ ನೀರನ್ನು ತಳ್ಳುತ್ತಾ ಹೋಗುವುದು. ಅಂಚಿನಲ್ಲಿ ಐಸೊಪ್ರೊಪಿಲ್ ಆಲ್ಕೊಹಾಲ್ ಬೆರೆತ ನೀರು ಬಿದ್ದ ಕೂಡಲೇ ಅಂಟು ಹಿಡಿಯುತ್ತದೆ. ಬಂಪರಿನ ತಿರುವಿನಲ್ಲಿ ಹೀಟ್ ಗನ್ ತೋರಿಸಿ ಎಳೆಯುತ್ತಾರೆ. ಜಾಸ್ತಿ ಎಳೆದರೆ ಕೆಲವೇ ದಿನಗಳಲ್ಲಿ ಅದು ಹಿಂದಕ್ಕೆ ಕುಗ್ಗಿ ಮೂಲೆ ಏಳುತ್ತದೆ. ಬಾಗಿಲು ತೆರೆದಿಟ್ಟ, ಫ್ಯಾನ್ ತಿರುಗುವ ಶೆಡ್ಡಿನಲ್ಲಿ ಕೂರಿಸಿದ ಫಿಲ್ಮಿನ ಕೆಳಗೆ ಧೂಳಿನ ಕಣವೊಂದು, ಕೂದಲೊಂದು ಖಾಯಂ ಬಾಡಿಗೆದಾರನಾಗಿ ಉಳಿಯುತ್ತದೆ.

ಮುಖ್ಯವಾಗಿ ನೋಡಬೇಕಾದದ್ದು ಬ್ಲೇಡು. ಪ್ಯಾನೆಲ್ಲಿನ ಅಳತೆಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಪ್ಲಾಟರಿನಿಂದ ಮೊದಲೇ ಕತ್ತರಿಸುವುದು ಒಂದು ಪದ್ಧತಿ. ಹಾಳೆಯನ್ನು ಕಾರಿನ ಮೇಲೆ ಹಾಸಿ ಅಲ್ಲೇ ಕೊಯ್ಯುವುದು ಇನ್ನೊಂದು. ಎರಡನೆಯದರಲ್ಲಿ ಅಂಚನ್ನು ಒಳಕ್ಕೆ ಮಡಚಲು ಅನುಕೂಲ, ಆದರೆ ಕೈ ತುಸು ಭಾರವಾದರೆ ಬ್ಲೇಡು ಫಿಲ್ಮ್ ದಾಟಿ ಕ್ಲಿಯರ್ ಕೋಟನ್ನೂ ಕೊಯ್ಯುತ್ತದೆ. ಅದು ಕಾಣುವುದು ವರ್ಷಗಳ ನಂತರ, ಫಿಲ್ಮ್ ತೆಗೆದಾಗ. ಬಣ್ಣ ಕಾಪಾಡಲು ಕೊಟ್ಟ ದುಡ್ಡಿನಲ್ಲೇ ಬಣ್ಣ ಕೊಯ್ಸಿಕೊಂಡಂತೆ.

ಫಿಲ್ಮ್ ತಡೆಯುವುದು ಮುಖ್ಯವಾಗಿ ಹೆದ್ದಾರಿಯ ಜಲ್ಲಿ ಚೂರು, ಮೇಲ್ಮೈ ಗೀರು, ಹಕ್ಕಿ ಹಿಕ್ಕೆ. ಹಿಕ್ಕೆಯ ಕಲೆಗೆ ಆಮ್ಲವೊಂದೇ ಕಾರಣವಲ್ಲ: ಬಿಸಿಲಿಗೆ ಮೆತ್ತಗಾದ ಕ್ಲಿಯರ್ ಕೋಟ್ ಸಂಜೆ ತಣ್ಣಗಾಗುವಾಗ, ಒಣಗಿ ಗಟ್ಟಿಯಾದ ಹಿಕ್ಕೆಯ ಅಚ್ಚನ್ನೇ ಪಡೆದುಬಿಡುತ್ತದೆ. ತಗ್ಗು ಬೀಳುವುದನ್ನು ಫಿಲ್ಮ್ ತಡೆಯುವುದಿಲ್ಲ. ಬೋರ್‌ವೆಲ್ ನೀರಿನ ಸುಣ್ಣದ ಕಲೆ ಫಿಲ್ಮಿನ ಮೇಲೂ ಕೂರುತ್ತದೆ. ಸೆರಾಮಿಕ್ ಕೋಟಿಂಗ್ ಎಂಬ ಇದರ ಜೊತೆಗಾರ ತೊಳೆಯುವ ಕೆಲಸ ಹಗುರ ಮಾಡುತ್ತದೆ, ಅಷ್ಟೇ. ಒಂದೆರಡು ಮೈಕ್ರಾನ್ ಲೇಪ ಕಲ್ಲಿಗೆ ಅಡ್ಡ ನಿಲ್ಲುತ್ತದೆಂದು ಯಾರಾದರೂ ಹೇಳಿದರೆ ಆ ಅಂಗಡಿಯಿಂದ ಎದ್ದು ಬರಬಹುದು.

ಕರ್ನಾಟಕದ ಕಾರಿನ ಫಿಲ್ಮಿಗೆ ವರ್ಷಕ್ಕೊಮ್ಮೆ ಬರುವ ವಿಚಿತ್ರ ಪರೀಕ್ಷೆ ಆಯುಧಪೂಜೆ. ಬಾನೆಟ್ಟಿಗೆ ಅರಿಶಿನ ಕುಂಕುಮ, ಬಂಪರಿಗೆ ಬಾಳೆಕಂದು, ಚಕ್ರದಡಿ ನಿಂಬೆಹಣ್ಣು, ಎದುರಿಗೆ ಒಡೆದ ಬೂದುಗುಂಬಳ. ನಿಂಬೆ, ಬೂದುಗುಂಬಳಗಳಿಂದ ಫಿಲ್ಮಿಗೆ ತೊಂದರೆಯಿಲ್ಲ. ಅರಿಶಿನದ ಕಥೆ ಬೇರೆ. ಅದರ ಬಣ್ಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಂಥ ವಸ್ತುಗಳಲ್ಲಿ, ಮೆದು ಪ್ಲಾಸ್ಟಿಕ್ಕಿನಲ್ಲಿ ಒಳಗಿಳಿಯುತ್ತದೆ. ಗಟ್ಟಿಯಾಗಿ ಹೆಣೆದುಕೊಂಡ ಕ್ಲಿಯರ್ ಕೋಟಿನಿಂದ ಒರೆಸಿದರೆ ಹೋಗುವ ಬೊಟ್ಟು, ಫಿಲ್ಮಿನ ಮೇಲೆ, ಅದರಲ್ಲೂ ಹೊಳಪಿಲ್ಲದ ಮ್ಯಾಟ್ ಫಿಲ್ಮಿನ ಮೇಲೆ, ನೆಲೆಸಿಬಿಡಬಹುದು. ಗಾಬರಿಯಾಗಿ ಬಟ್ಟೆ ಸೋಪು ಹಾಕಿ ಉಜ್ಜಿದರೆ ಹಳದಿ ಕಲೆ ಕೆಂಪಾಗುತ್ತದೆ. ಕ್ಷಾರ ತಾಗಿದ ಕರ್ಕ್ಯುಮಿನ್ ಕೆಂಪಾಗುವುದು ಅದರ ಗುಣ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವ ಹಳೆಯ ಕ್ರಮದ ಗುಟ್ಟೂ ಇದೇ. ಅಂದರೆ ತೊಳೆಯಲು ಹೋದವರು ಬಾನೆಟ್ ಮೇಲೆ ಕುಂಕುಮ ತಯಾರಿಸಿರುತ್ತಾರೆ.

ಸಮಾಧಾನದ ಸಂಗತಿಯೆಂದರೆ ಕರ್ಕ್ಯುಮಿನ್ ಬಿಸಿಲಿಗೆ ಒಡೆಯುತ್ತದೆ. ಕಾರನ್ನು ಕೆಲವು ದಿನ ಬಿಸಿಲಿನಲ್ಲಿ ನಿಲ್ಲಿಸಿದರೆ ಅರಿಶಿನದ ಕಲೆ ತಾನಾಗಿ ಮಾಸುತ್ತದೆ. ಅಂಗಡಿಯ ಅಗ್ಗದ ಕುಂಕುಮದಲ್ಲಿರುವ ಕೃತಕ ಬಣ್ಣ ಅಷ್ಟು ಸಲೀಸಾಗಿ ಬಿಡುವುದಿಲ್ಲ. ಬಾಳೆಕಂದಿನ ಸೊನೆಯಂತೂ ಪಂಚೆಗೆ ತಾಗಿದರೂ ಸರಿ, ಫಿಲ್ಮಿಗೆ ತಾಗಿದರೂ ಸರಿ, ಕಂದು ಕಲೆಯಾಗಿ ಕೂರುತ್ತದೆ. ಬೊಟ್ಟನ್ನು ಮುಂದಿನ ಗಾಜಿನ ಅಂಚಿಗೆ ಇಟ್ಟರೆ ಪೂಜೆಗೂ ಕುಂದಿಲ್ಲ, ಫಿಲ್ಮಿಗೂ ಕುಂದಿಲ್ಲ. ಲಕ್ಷ ರೂಪಾಯಿಯ ವಸ್ತುವಿನ ವಾರಂಟಿ ಪುಸ್ತಕದಲ್ಲಿ ಈ ಒಂದು ಸಾಲು ಇದ್ದರೆ ಚೆನ್ನಾಗಿತ್ತು.

ಇನ್ನು ಲೆಕ್ಕ. ಬೆಂಗಳೂರಿನಲ್ಲಿ ಸಣ್ಣ ಕಾರಿನ ಇಡೀ ಮೈಗೆ ಟಿಪಿಯು ಫಿಲ್ಮ್ ಹಾಕಿಸಲು ಹೆಚ್ಚುಕಡಿಮೆ 70–80 ಸಾವಿರ, ದೊಡ್ಡ ಎಸ್‌ಯುವಿಗೆ ಹೆಸರುವಾಸಿ ಫಿಲ್ಮಾದರೆ ಒಂದೂವರೆ ಲಕ್ಷ ದಾಟುತ್ತದೆ. ಸಾಧಾರಣ ಕಾರಿನ ಒಂದು ಪ್ಯಾನೆಲ್ಲಿಗೆ ಮತ್ತೆ ಬಣ್ಣ ಹೊಡೆಸಲು ಮೂರರಿಂದ ಆರು ಸಾವಿರ. ಎಲ್ಲ ಪ್ಯಾನೆಲ್ಲುಗಳಿಗೂ ಹೊಡೆಸಿದರೂ ಬರುವ ಬಿಲ್ಲು ಬಹುಪಾಲು ಫಿಲ್ಮಿನ ಬಿಲ್ಲಿಗಿಂತ ಕಡಿಮೆ. ಹತ್ತು ಲಕ್ಷದ ಕಾರಿಗೆ ಇಡೀ ಮೈ ಫಿಲ್ಮ್ ಹಾಕಿಸುವವರು ಹಣ ಉಳಿಸುತ್ತಿಲ್ಲ, ಇಷ್ಟಕ್ಕೆ ಖರ್ಚು ಮಾಡುತ್ತಿದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಉಳಿತಾಯ ಎಂದು ಕರೆಯಬಾರದು ಅಷ್ಟೇ.

ಫಿಲ್ಮಿನ ಪರವಾದ ಗಟ್ಟಿ ವಾದ ಒಂದಿದೆ. ಕಾರ್ಖಾನೆಯ ಬಣ್ಣ ಬರಿಯ ಲೋಹದ ಮೈಮೇಲೆ 140 ಡಿಗ್ರಿ ಆಸುಪಾಸಿನಲ್ಲಿ ಬೆಂದಿರುತ್ತದೆ. ಪ್ಲಾಸ್ಟಿಕ್ಕು, ವೈರಿಂಗ್ ಎಲ್ಲ ಕೂಡಿದ ಕಾರನ್ನು ವರ್ಕ್‌ಶಾಪಿನಲ್ಲಿ 60 ಡಿಗ್ರಿಗಿಂತ ಬಹಳ ಮೇಲೆ ಕಾಯಿಸುವಂತಿಲ್ಲ. ಹಾಗಾಗಿ ಮೊದಲ ಬಣ್ಣ ಹೋದರೆ ಅದೇ ಬಣ್ಣ ಮರಳಿ ಸಿಗುವುದಿಲ್ಲ, ಮೆಟಾಲಿಕ್ ಕೆಂಪು, ಮುತ್ತಿನ ಬಿಳಿಗಳಲ್ಲಿ ಹೊಂದಿಸುವುದೂ ಕಷ್ಟ.

ಇದರಿಂದ ಹೊರಡುವ ವಿವೇಕದ ದಾರಿ ಅರ್ಧ ಫಿಲ್ಮಿನದು. ವಾರಕ್ಕೊಮ್ಮೆ ಬೆಂಗಳೂರು–ಪುಣೆ ಹೆದ್ದಾರಿ ಹಿಡಿಯುವ ಕಾರಿಗೆ, ಟಿಪ್ಪರುಗಳ ಹಿಂದೆ ಬಳ್ಳಾರಿ ದಾರಿಯಲ್ಲಿ ಓಡುವ ಕಾರಿಗೆ ಬಾನೆಟ್, ಮುಂದಿನ ಬಂಪರ್, ಫೆಂಡರ್, ಕನ್ನಡಿಗಳ ಹಿಂಬದಿ ಸಾಕು. ಕಲ್ಲು ಬೀಳುವುದು ಅಲ್ಲೇ. ಊರೊಳಗೇ ಓಡುವ ಕಾರಿಗೆ ಬಾಗಿಲಿನ ಹಿಡಿಯ ಹಿಂದಿನ ಗುಳಿ (ಉಂಗುರ, ಬಳೆ ಗೀಚುವುದು ಅಲ್ಲಿ), ಬಾಗಿಲ ಅಂಚು, ಲಗೇಜು ಉಜ್ಜುವ ಡಿಕ್ಕಿಯ ತುಟಿ, ಕಿಟಕಿಗಳ ನಡುವಿನ ಕರಿ ಹೊಳಪಿನ ಪಟ್ಟಿ. ಇಷ್ಟಕ್ಕೆ ಕೆಲವು ಸಾವಿರ ಸಾಕು. ಈ ಲೇಖನದ ಪಕ್ಷಪಾತ ಇದಕ್ಕೇ. ಐದು ವರ್ಷದೊಳಗೆ ಮಾರುವ ಬಿಳಿ ಹ್ಯಾಚ್‌ಬ್ಯಾಕಿಗೆ ಏನೂ ಬೇಡ.

ವಿಮೆಯ ಸಂಗತಿಯನ್ನೂ ಲೆಕ್ಕಕ್ಕೆ ತರಬೇಕು. ಸಾಧಾರಣ ಪಾಲಿಸಿಯಲ್ಲಿ ಪೇಂಟಿಂಗ್ ಬಿಲ್ಲಿನ ಸಾಮಗ್ರಿ ವೆಚ್ಚಕ್ಕೆ 50% ಸವಕಳಿ ಕಳೆಯುತ್ತಾರೆ. ಬಿಲ್ಲು ಬಿಡಿಬಿಡಿಯಾಗಿ ಇಲ್ಲದಿದ್ದರೆ ಒಟ್ಟು ಮೊತ್ತದ 25% ಸಾಮಗ್ರಿಯೆಂದು ಹಿಡಿಯುತ್ತಾರೆ. ಜೀರೊ ಡೆಪ್ರಿಸಿಯೇಷನ್ ಇದ್ದರೆ ಈ ಕಡಿತವೂ ಇಲ್ಲ, ಆದರೆ ಸಣ್ಣ ಗೀರಿಗೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಫಿಲ್ಮಿನ ಬೆಲೆಯನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಸೇರಿಸದಿದ್ದರೆ ಅಪಘಾತದಲ್ಲಿ ಹರಿದ ಫಿಲ್ಮಿಗೆ ಹಣ ಸಿಗುವ ಭರವಸೆಯಿಲ್ಲ. ಪಾರದರ್ಶಕ ಫಿಲ್ಮಿಗೆ ಆರ್‌ಟಿಒ ತಕರಾರು ಇಲ್ಲ. ಬಣ್ಣ ಬದಲಿಸುವ ಫಿಲ್ಮ್ ಹಾಕಿದರೆ ಆರ್‌ಸಿಯಲ್ಲಿರುವ ಬಣ್ಣಕ್ಕೂ ಕಾರಿಗೂ ತಾಳೆಯಾಗುವುದಿಲ್ಲ, ದಾಖಲೆ ತಿದ್ದಿಸಬೇಕು. ಮಾರುವಾಗ ಇನ್ನೊಂದು ತಮಾಷೆ: ಬಣ್ಣದ ದಪ್ಪ ಅಳೆಯುವ ಮೀಟರು ಫಿಲ್ಮನ್ನೂ ಸೇರಿಸಿ 300 ಮೈಕ್ರಾನ್ ತೋರಿಸುತ್ತದೆ, ಕೊಳ್ಳಲು ಬಂದವರು ಪುಟ್ಟಿ ತುಂಬಿದ ಕಾರೆಂದು ಮುಖ ಸಿಂಡರಿಸುತ್ತಾರೆ. ಬಿಲ್ಲು, ವಾರಂಟಿ ಕಾರ್ಡು ಜೋಪಾನವಾಗಿರಲಿ.

ಫಿಲ್ಮಿಗೂ ಆಯುಷ್ಯವಿದೆ. ವಾರಂಟಿ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ, ಅದೂ ಹಳದಿಯಾಗುವುದು, ಬಿರಿಯುವುದು, ಏಳುವುದಕ್ಕೆ ಮಾತ್ರ. ಅವಧಿ ಮುಗಿದ ಮೇಲೂ ಬಿಟ್ಟರೆ ಫಿಲ್ಮ್ ಪೆಡಸಾಗಿ ಚೂರುಚೂರಾಗಿ ಬರುತ್ತದೆ, ಅಂಟು ಬಣ್ಣಕ್ಕೇ ಉಳಿಯುತ್ತದೆ. ತೆಗೆಯುವಾಗ ಹಬೆಯಿಂದಲೋ ಹೀಟ್ ಗನ್ನಿನಿಂದಲೋ ಬೆಚ್ಚಗೆ ಮಾಡಿ, ಮೈಗೆ ತಗ್ಗಿದ ಕೋನದಲ್ಲಿ ನಿಧಾನವಾಗಿ ಎಳೆಯಬೇಕು. ಕಾರ್ಖಾನೆಯ ಬಣ್ಣ ಇದನ್ನು ತಡೆದುಕೊಳ್ಳುತ್ತದೆ. ಒಮ್ಮೆ ಅಪಘಾತವಾಗಿ ಮತ್ತೆ ಬಣ್ಣ ಹೊಡೆಸಿದ ಪ್ಯಾನೆಲ್ಲಿನಲ್ಲಿ ಫಿಲ್ಮಿನ ಜೊತೆ ಕ್ಲಿಯರ್ ಕೋಟೂ ಎದ್ದು ಬರಬಹುದು. ಅಂಥ ಪ್ಯಾನೆಲ್ಲಿದ್ದರೆ ಹಾಕಿಸುವ ದಿನವೇ ಅಂಗಡಿಯವರಿಗೆ ಹೇಳಬೇಕು. ಹೊಸದಾಗಿ ಬಣ್ಣ ಹೊಡೆಸಿದ್ದಾದರೆ ದ್ರಾವಕ ಆರುವವರೆಗೆ, ಅಂದರೆ ಸುಮಾರು ಒಂದು ತಿಂಗಳು, ಫಿಲ್ಮ್ ಹಾಕಿಸಬಾರದು.