ವಸ್ತಿ ಬಸ್ಸಿನ ಹೊತ್ತಿನ ಗುಳಿಗೆ

ಗೇಟಿನ ಹೊರಗೆ ಮಿರ್ಚಿ ಕರಿಯುವ ಎಣ್ಣೆಯ ಘಮ, ಒಳಗೆ ಬಂದರೆ ಫಿನಾಯಿಲಿನ ಘಾಟು. ಬಾಗಲಕೋಟೆ ಸೀಮೆಯ ಸರಕಾರಿ ಆಸ್ಪತ್ರೆಯೊಂದರಲ್ಲಿ ಚೀಟಿಯ ಸಾಲು, ಎಕ್ಸ್‌ರೇ ಕೋಣೆ, ಬಾಣಂತಿಯರ ವಾರ್ಡು ಎಲ್ಲ ದಾಟಿ, ಬೇವಿನ ಮರದ ನೆರಳು ಬೀಳುವ ಮೂಲೆಗೆ ಬಂದರೆ ‘ಎ.ಆರ್.ಟಿ. ಕೇಂದ್ರ’ ಎಂಬ ಬೋರ್ಡು ಕಾಣುತ್ತದೆ. ಬೋರ್ಡಿನ ಮೇಲೆ ಎಚ್.ಐ.ವಿ. ಎಂಬ ಹೆಸರಿಲ್ಲ. ಆದರೂ ಇಲ್ಲಿಗೆ ಬರುವ ಹೆಂಗಸರು ಸೆರಗನ್ನು ಒಂದು ಗೇಣು ಮುಂದೆಳೆದುಕೊಂಡೇ ಹೊಸ್ತಿಲು ದಾಟುತ್ತಾರೆ. ಬನ್ನಿ, ಈ ಬೆಂಚಿನ ತುದಿಗೆ ನಾವೂ ಸುಮ್ಮನೆ ಕೂರೋಣ.

ಈ ಕೋಣೆಗೆ ತನ್ನದೇ ಒಂದು ಸದ್ದಿದೆ. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತಿರುವುವ ಕಿರಕಿರ, ಆಮೇಲೆ ಮೇಜಿನ ಮೇಲೆ ಗುಳಿಗೆಗಳು ಸುರಿಯುವ ಪಟಪಟ, ಆಮೇಲೆ ಬೆರಳ ತುದಿಯಲ್ಲಿ ಅವನ್ನು ಎರಡೆರಡಾಗಿ ಸರಿಸುತ್ತ ಎಣಿಸುವ ಮೌನ.

“ಎಷ್ಟ್ ಉಳದಾವೋ ತಮ್ಮಾ?”

“ಆರ್ರೀ ಅಕ್ಕಾರ.”

ಮೀಸೆ ಈಗಷ್ಟೇ ಚಿಗುರುತ್ತಿರುವ ಹುಡುಗ. ವಯಸ್ಸು 17. ಡಬ್ಬಿಯಲ್ಲಿ ತಿಂಗಳಿಗೆಂದು 30 ಗುಳಿಗೆ ಕೊಟ್ಟಿದ್ದರು. ಇಂದಿಗೆ 28 ರಾತ್ರಿ ಕಳೆದಿವೆ, 2 ಉಳಿಯಬೇಕಿತ್ತು. ಎದುರು ಕುಳಿತ ಆಪ್ತಸಮಾಲೋಚಕಿ ಗದರಲಿಲ್ಲ. ಪೆನ್ನು ಕೆಳಗಿಟ್ಟು ನೀರಿನ ಬಾಟಲಿಯನ್ನು ಅವನತ್ತ ಸರಿಸಿದರು. ನೂರಕ್ಕೆ 95ಕ್ಕಿಂತ ಹೆಚ್ಚು ಗುಳಿಗೆ ಹೊಟ್ಟೆಗೆ ಹೋಗಬೇಕು ಎನ್ನುವುದು ಇಲ್ಲಿನ ಲೆಕ್ಕ. ಅಂದರೆ ತಿಂಗಳಿಗೆ ಒಂದು ತಪ್ಪಬಹುದು. ಎರಡು ತಪ್ಪಿದರೆ ಲೆಕ್ಕ ಕೆಳಗಿಳಿಯಿತು. ರಕ್ತದಲ್ಲಿ ಔಷಧ ಇಳಿದಾಗೆಲ್ಲ ಒಳಗೆ ಅಡಗಿದ ವೈರಾಣು ತಲೆಯೆತ್ತುತ್ತದೆ, ತನ್ನಂಥದ್ದನ್ನೇ ಹುಟ್ಟಿಸುತ್ತ ರೂಪ ಬದಲಿಸಿಕೊಳ್ಳುತ್ತದೆ. ಕೊನೆಗೆ ಅದೇ ಗುಳಿಗೆಗೂ ಅಂಜದಂತಾಗುತ್ತದೆ. ವರ್ಷಗಟ್ಟಲೆ ಪತ್ತೆಯಾಗದಷ್ಟು ಕೆಳಗಿದ್ದ ಇವನ ‘ವೈರಲ್ ಲೋಡ್’, ಅಂದರೆ ರಕ್ತದಲ್ಲಿನ ವೈರಾಣುವಿನ ಎಣಿಕೆ, ಈ ಸಲ 1,000ದ ಗೆರೆ ದಾಟಿದೆ. ಇನ್ನು ಮೂರು ತಿಂಗಳು ಮಾತುಕತೆ, ಎಣಿಕೆ, ಮತ್ತೆ ರಕ್ತಪರೀಕ್ಷೆ.

ಪಕ್ಕದಲ್ಲಿ ಅವನ ಆಯಿ. ಇಳಕಲ್ ಸೀರೆ, ಕೈಯಲ್ಲಿ ಬುತ್ತಿಯ ಗಂಟು. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ವಾಸನೆ ಬೆಂಚಿನ ತನಕ ಬರುತ್ತಿದೆ. ಮಗನೂ ಸೊಸೆಯೂ ತೀರಿಕೊಂಡ ಮೇಲೆ ಇವನನ್ನು ಬೆಳೆಸಿದವಳು ಇವಳೇ. ದೊಡ್ಡವರಿಗೆ 2004ರ ಏಪ್ರಿಲ್‌ನಲ್ಲಿ ಶುರುವಾದ ಸರಕಾರದ ಉಚಿತ ಚಿಕಿತ್ಸೆ ಮಕ್ಕಳಿಗೆಂದೇ ದೇಶದಲ್ಲಿ ರೂಪುಗೊಂಡದ್ದು 2006ರ ಕೊನೆಯಲ್ಲಿ. ಆ ದಾರಿಯಲ್ಲೇ ಇವನೂ ಬದುಕಿದ. ಓದು ಬಾರದ, ಗಡಿಯಾರ ನೋಡಲು ಬಾರದ ಆಯಿ ಹೊತ್ತು ತಪ್ಪಿಸಲಿಲ್ಲ. ಊರಿಗೆ ರಾತ್ರಿ ವಸ್ತಿ ಬಸ್ಸು ಬಂದು ಹಾರ್ನ್ ಹೊಡೆಯುವುದೇ ಅವಳ ಗಂಟೆ. “ಬಸ್ ಬಂತ, ಗುಳಿಗಿ ತಗೋ.” ಮೊದಮೊದಲು ಅದು ‘ಶಕ್ತಿ ಗುಳಿಗಿ’. ನಿಜ ಗೊತ್ತಾದದ್ದು ಹನ್ನೆರಡರ ಸುಮಾರಿಗೆ, ಇದೇ ಕೋಣೆಯಲ್ಲಿ.

ಈಗ ಅವನು ಪಿ.ಯು.ಸಿ. ಓದುತ್ತ ಹಾಸ್ಟೆಲಿನಲ್ಲಿದ್ದಾನೆ. ಒಂದು ಕೋಣೆ, ಎಂಟು ಟ್ರಂಕು, ಎಂಟು ಜೋಡಿ ಕಣ್ಣು. ಒಬ್ಬರ ಪೆಟ್ಟಿಗೆಯಲ್ಲಿ ಇನ್ನೊಬ್ಬರು ಚಕ್ಕುಲಿ ಹುಡುಕುವ ವಯಸ್ಸು. ಡಬ್ಬಿಯ ಮೇಲಿನ ಚೀಟಿಯನ್ನು ಅವನು ಉಗುರಿನಿಂದ ಕೆರೆದು ತೆಗೆದಿದ್ದಾನೆ. ಅಲುಗಾಡಿದರೆ ಸದ್ದಾಗದಂತೆ ಒಳಗೆ ಹತ್ತಿ ತುರುಕಿದ್ದಾನೆ. ಎಣಿಸುವಾಗ ಮೇಜಿನ ಮೇಲೆ ಮೊದಲು ಬಿದ್ದದ್ದು ಆ ಹತ್ತಿಯ ಉಂಡೆಯೇ. ನನಗೆ ಆ ಹುಡುಗ ಮರೆತ ಎನ್ನಲು ಬಾಯಿ ಬರುವುದಿಲ್ಲ. ನಾಲ್ಕು ರಾತ್ರಿ ಅವನಿಗೆ ಯಾರೂ ನೋಡದ ಒಂದು ನಿಮಿಷ ಸಿಗಲಿಲ್ಲ, ಅಷ್ಟೇ. ಒಬ್ಬರ ಸೋಂಕಿನ ವಿಷಯ ಅವರ ಒಪ್ಪಿಗೆಯಿಲ್ಲದೆ ಬಯಲಾಗಬಾರದು, ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಅವರನ್ನು ಬೇರೆಯಾಗಿ ಕಾಣಬಾರದು ಎಂದು 2017ರ ಕಾಯ್ದೆ ಹೇಳುತ್ತದೆ. 2018ರ ಸೆಪ್ಟೆಂಬರ್‌ನಿಂದ ಅದು ಜಾರಿಯಲ್ಲಿದೆ. ಎಂಟು ಟ್ರಂಕುಗಳ ಕೋಣೆಗೆ ಆ ಕಾಯ್ದೆ ಇನ್ನೂ ಬಂದು ಮುಟ್ಟಿಲ್ಲ.

“ಕೋಣಿ ಯಾವಾಗ ಖಾಲಿ ಇರ್ತೈತಿ, ಹೇಳು ನೋಡೂಣು.”

ಹುಡುಗ ಯೋಚಿಸಿದ. ಬೆಳಿಗ್ಗೆ ಎಲ್ಲರೂ ಬಕೆಟ್ ಹಿಡಿದು ಬಚ್ಚಲಿನ ಮುಂದೆ ಪಾಳಿ ನಿಲ್ಲುತ್ತಾರೆ. ಇವನು ಎಲ್ಲರಿಗಿಂತ ಮುಂಚೆ ಮಿಂದು ಬಂದರೆ ಹತ್ತು ನಿಮಿಷ ಒಬ್ಬನೇ. ಸಮಾಲೋಚಕಿ ಎದ್ದು ಡಾಕ್ಟರ ಕೋಣೆಗೆ ಹೋಗಿ ಕೇಳಿ ಬಂದರು. ಮೂರು ಔಷಧಗಳನ್ನು ಒಂದರಲ್ಲೇ ಸೇರಿಸಿದ ದಿನಕ್ಕೊಂದರ ಗುಳಿಗೆ ಅದು. ಉಂಡೂ ನುಂಗಬಹುದು, ಉಣ್ಣದೆಯೂ ನುಂಗಬಹುದು. ರಾತ್ರಿಯೇ ಆಗಬೇಕೆಂದಿಲ್ಲ, ದಿನವೂ ಒಂದೇ ಹೊತ್ತಾದರೆ ಸಾಕು. ಪುಸ್ತಕದಲ್ಲಿ ‘ರಾತ್ರಿ 9’ ಎಂಬುದನ್ನು ಹೊಡೆದು ‘ಬೆಳಿಗ್ಗೆ 6’ ಎಂದು ಬರೆದರು.

ಇಷ್ಟು ಹೊತ್ತು ಸುಮ್ಮನಿದ್ದ ಆಯಿ ತಲೆಯೆತ್ತಿದಳು.

“ಹಂಗಾರ ವಸ್ತಿ ಬಸ್ ಬಂದಾಗ ನಾ ಏನ್ ಮಾಡ್ಲೆಪಾ?”

ಹುಡುಗ ಹೊಸ ಡಬ್ಬಿಗೆ ಹತ್ತಿ ತುಂಬುತ್ತಿದ್ದ. “ಮುಂಜಾನೆ ಮೊದಲನೇ ಬಸ್ ಹೊಂಡ್ತೈತೆಲ್ಲಾ ಆಯಿ, ಆವಾಗ ಫೋನ್ ಹಚ್ಚಬೇ,” ಎಂದ.