ಕೈಯೂರದೆ ಏಳ್ತೀರಾ?

100 ಕಿಲೋ ಎತ್ತೋ ಹುಡುಗ ಕುಕ್ಕರಗಾಲಲ್ಲಿ ಕೂತರೆ ಹಿಮ್ಮಡಿ ಮೇಲೇಳುತ್ತೆ, ಹಿಂದಕ್ಕೆ ವಾಲ್ತಾನೆ. ನೋಡಿದ್ದೀರಾ? ತೋಳಲ್ಲಿ ಬಲ ಇದೆ, ಪಾದದ ಕೀಲು ಮಾತ್ರ ಬಾಗೋದನ್ನೇ ಮರೆತಿದೆ.

ಬಲ ಇದ್ದರೆ ಸಾಲದು, ಅದು ಉಪಯೋಗಕ್ಕೆ ಬರಬೇಕು ಅಂತ ಫ್ರೆಂಚ್ ನೌಕಾಪಡೆಯ ಅಧಿಕಾರಿ ಜಾರ್ಜ್ ಎಬೆರ್ ನೂರು ವರ್ಷದ ಹಿಂದೆಯೇ ಹೇಳಿದ್ರು. ನಡಿಗೆ, ಓಟ, ನೆಗೆತ, ಅಂಬೆಗಾಲು, ಹತ್ತೋದು, ಆಯ ತಪ್ಪದೆ ನಿಲ್ಲೋದು, ಎಸೆತ, ಭಾರ ಎತ್ತೋದು, ಆತ್ಮರಕ್ಷಣೆ, ಈಜು: ಈ ಹತ್ತೇ ಅವರ ‘ಸಹಜ ವಿಧಾನ’. ಗೋಡೆ, ಕಟ್ಟೆ ನೆಗೆದು ದಾಟೋ ಇವತ್ತಿನ ಪಾರ್ಕೂರ್‌ನ ಬೇರು ಇಲ್ಲೇ ಇದೆ.

ತುಂಬಿದ ಕೊಡ ಸೊಂಟಕ್ಕಿಟ್ಟು ಮೆಟ್ಟಿಲು ಹತ್ತಿ ನೋಡಿ. ಪಾದ, ತೊಡೆ, ಬೆನ್ನು, ಭುಜ, ಎಲ್ಲ ಒಟ್ಟಿಗೆ ದುಡಿಯುತ್ತೆ. ಜಿಮ್‌ನ ಎಷ್ಟೋ ಮಷಿನ್‌ಗಳು ಇಷ್ಟು ಮಾಡಿಸಲ್ಲ.

ಇವತ್ತು ನೆಲದ ಮೇಲೆ ಕೂತು ಊಟ ಮಾಡಿ, ಕೈಯೂರದೆ ಏಳೋಕೆ ಪ್ರಯತ್ನಿಸಿ. ಮಂಡಿನೋವಿದ್ದರೆ ಗೋಡೆ ಹಿಡಿದೇ ಏಳಿ.