ವಿಮಾನ ಹತ್ತದೆ ಉಳಿಯುವ ಪಾರ್ಸೆಲ್‌ಗಳು

ಇಳಕಲ್ಲಿನ ನೇಕಾರರೊಬ್ಬರು ಜರ್ಮನಿಯ ಗಿರಾಕಿಗೆ ಸೀರೆಯೊಂದನ್ನು ಅಂಚೆಯಲ್ಲಿ ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ಅದರ ಮೈ ಹತ್ತಿಯದು, ಸೆರಗು ರೇಷ್ಮೆಯದು. ಜಗತ್ತಿನ ಕಸ್ಟಮ್ಸ್ ಇಲಾಖೆಗಳು ಬಳಸುವ ಸಂಕೇತಪಟ್ಟಿಯಲ್ಲಿ ರೇಷ್ಮೆ 50ನೇ ಅಧ್ಯಾಯದಲ್ಲಿದೆ, ಹತ್ತಿ 52ನೇ ಅಧ್ಯಾಯದಲ್ಲಿದೆ. ಎರಡೂ ಬೆರೆತ ಬಟ್ಟೆಗೆ ತೂಕದಲ್ಲಿ ಯಾವ ನೂಲು ಹೆಚ್ಚೋ ಅದರ ಸಂಕೇತ. ಕೌಂಟರಿನಲ್ಲಿ ಇದನ್ನು ಯಾರು ಹೇಳಬೇಕು? ನೇಕಾರರಿಗೆ ಸಂಕೇತ ಗೊತ್ತಿಲ್ಲ, ಗುಮಾಸ್ತರಿಗೆ ಸೀರೆಯ ನೇಯ್ಗೆ ಗೊತ್ತಿಲ್ಲ. ಕೊನೆಗೆ 'ಬಟ್ಟೆ' ಅಥವಾ 'ಗಿಫ್ಟ್' ಎಂದು ಟೈಪ್ ಆಗುತ್ತದೆ. ನನ್ನ ಆತಂಕವಿರುವುದು ಆ ಒಂದು ಪದದಲ್ಲಿ.

ವಿವರ ಅಸ್ಪಷ್ಟವಾದರೆ ಪಾರ್ಸೆಲ್ ವಿಮಾನ ಹತ್ತದಂತೆ ಈಗ ತಡೆಯಬಹುದು. ಈ ಬಿಗಿ ಸುಮ್ಮನೆ ಬಂದದ್ದಲ್ಲ. 2010ರ ಅಕ್ಟೋಬರಿನಲ್ಲಿ ಯೆಮನ್‌ನಿಂದ ಷಿಕಾಗೋಗೆ ಹೊರಟಿದ್ದ ಎರಡು ಪಾರ್ಸೆಲ್‌ಗಳ ಪ್ರಿಂಟರ್ ಕಾರ್ಟ್ರಿಜ್‌ಗಳಲ್ಲಿ ಸ್ಫೋಟಕ ತುಂಬಿತ್ತು. ಒಂದು ದುಬೈನಲ್ಲಿ, ಇನ್ನೊಂದು ಇಂಗ್ಲೆಂಡಿನ ಈಸ್ಟ್ ಮಿಡ್‌ಲ್ಯಾಂಡ್ಸ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿತು. ಹಿಡಿದುಕೊಟ್ಟದ್ದು ತಪಾಸಣಾ ಯಂತ್ರವಲ್ಲ, ಸೌದಿ ಗುಪ್ತಚರರು ಕೊಟ್ಟ ಸುಳಿವು. ಸರಕು ವಿಮಾನಕ್ಕೇರುವ ಮುನ್ನವೇ ಅದರ ವಿವರ ಕೈಗೆ ಬರಬೇಕೆಂಬ ಹಟ ಅಮೆರಿಕದಲ್ಲಿ ಗಟ್ಟಿಯಾದದ್ದು ಆಮೇಲೆ. ಅಂಚೆಯಲ್ಲಿ ಬರುತ್ತಿದ್ದ ಫೆಂಟನಿಲ್ ಮಾದಕವಸ್ತು ತಡೆಯಲು 2018ರಲ್ಲಿ ಅಲ್ಲಿ ಕಾಯಿದೆಯೇ ಆಯಿತು. ಸರಕಿನ ವಿವರವನ್ನು ಹೀಗೆ ಮುಂಚಿತವಾಗಿ ಕೇಳುವ ಯುರೋಪಿಯನ್ ಒಕ್ಕೂಟದ ಹೊಸ ವ್ಯವಸ್ಥೆ 2021ರ ಮಾರ್ಚ್ 15ರಂದು ವಿಮಾನದ ಅಂಚೆ ಮತ್ತು ಕೊರಿಯರ್‌ಗೆ, 2023ರ ಮಾರ್ಚ್‌ನಲ್ಲಿ ವಿಮಾನದ ಉಳಿದ ಸರಕಿಗೆ, 2024ರಲ್ಲಿ ಹಡಗಿಗೆ ವಿಸ್ತರಿಸಿತು. 2024ರ ಜುಲೈನಲ್ಲಿ ಲೈಪ್‌ಜಿಗ್ ಮತ್ತು ಬರ್ಮಿಂಗ್‌ಹ್ಯಾಮ್‌ನ ಕೊರಿಯರ್ ಕೇಂದ್ರಗಳಲ್ಲಿ ಪಾರ್ಸೆಲ್‌ಗಳಿಗೆ ಬೆಂಕಿ ಹೊತ್ತಿಕೊಂಡದ್ದು ನೋಡಿದರೆ ನಿಯಮ ಸಡಿಲಗೊಳ್ಳುವ ಆಸೆ ಬೇಡ.

ಯುರೋಪಿನ ಈ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಮೊದಲು ಓದುವುದು ಕಳಿಸುವವರು, ಪಡೆಯುವವರು, ತೂಕ, ವಸ್ತುವಿನ ವರ್ಣನೆ ಮುಂತಾದ ಕೆಲವೇ ವಿವರಗಳನ್ನು. ವ್ಯಾಪಾರದ ಸರಕಾದರೆ ಆರಂಕಿಯ ಸಂಕೇತವೂ ಬೇಕು. 'ಗಿಫ್ಟ್' ಎಂಬುದರಿಂದ ಅಪಾಯವನ್ನು ಅಳೆಯುವುದು ಸಾಧ್ಯವಿಲ್ಲ. ಹಾಗಾಗಿ ಹೆಚ್ಚಿನ ಮಾಹಿತಿ ಕೊಡಿ, ಮತ್ತೆ ಪರೀಕ್ಷಿಸಿ ಎಂಬ ಸಂದೇಶ ಬರುತ್ತದೆ. ಕೊನೆಯ ಹಂತ 'ವಿಮಾನಕ್ಕೆ ಹೇರಬೇಡಿ' ಎಂಬ ಆದೇಶ. ದೊಡ್ಡ ರಫ್ತುದಾರರ ಏಜೆಂಟು ಗಂಟೆಯೊಳಗೆ ಉತ್ತರಿಸುತ್ತಾನೆ. ನಮ್ಮ ನೇಕಾರರಿಗೆ ಪ್ರಶ್ನೆ ಬಂದದ್ದೇ ತಿಳಿಯದೆ ಹೋಗಬಹುದು.

ಸಿದ್ಧತೆಯಿಲ್ಲದಿದ್ದರೆ ಏನಾಗುತ್ತದೆಂದು 2025ರ ಆಗಸ್ಟ್ ತೋರಿಸಿಕೊಟ್ಟಿತು. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ ಆಗಸ್ಟ್ 29ರಿಂದ ತೆಗೆದುಹಾಕಿತು. ಸುಂಕವನ್ನು ಯಾರು ವಸೂಲಿ ಮಾಡಬೇಕು, ಲೆಕ್ಕ ಹೇಗೆ ಒಪ್ಪಿಸಬೇಕು ಎಂಬುದೇ ಇತ್ಯರ್ಥವಾಗಿರಲಿಲ್ಲ. ವಿಮಾನ ಕಂಪನಿಗಳು ಅಂಚೆ ಒಯ್ಯುವುದರಿಂದ ಹಿಂದೆ ಸರಿದವು. ವಿಶ್ವ ಅಂಚೆ ಒಕ್ಕೂಟದ ಲೆಕ್ಕದಂತೆ ಅಮೆರಿಕದತ್ತ ಹೋಗುವ ಅಂಚೆ ಒಂದು ವಾರದಲ್ಲಿ ಶೇ. 81ರಷ್ಟು ಕುಸಿಯಿತು, 88 ಅಂಚೆ ಸಂಸ್ಥೆಗಳು ಸೇವೆಯನ್ನು ಪೂರ್ತಿಯಾಗಿಯೋ ಭಾಗಶಃವೋ ನಿಲ್ಲಿಸಿದವು. ಭಾರತೀಯ ಅಂಚೆಯೂ ಆಗಸ್ಟ್ 25ರಿಂದ ಬಹುಪಾಲು ಪಾರ್ಸೆಲ್ ಸ್ವೀಕರಿಸಲಿಲ್ಲ. ಮತ್ತೆ ಆರಂಭವಾದದ್ದು ಅಕ್ಟೋಬರ್ 15ಕ್ಕೆ, ದಸರಾ ಕಳೆದ ಮೇಲೆ. ಚನ್ನಪಟ್ಟಣದ ಗೊಂಬೆ ಮಾರುವವರಿಗೆ ಹಬ್ಬದ ವ್ಯಾಪಾರವೆಂದರೆ ಏನೆಂದು ಬಲ್ಲವರಿಗೆ ಆ ಏಳು ವಾರಗಳ ತೂಕ ಗೊತ್ತು.

ಆ ಪೆಟ್ಟು ಎಲ್ಲರ ಕಣ್ಣಿಗೂ ಬಿತ್ತು. ಮುಂದೆ ಬರುವುದು ಹಾಗೆ ಕಾಣಿಸದು. ಸೇವೆ ತೆರೆದೇ ಇರುತ್ತದೆ. ವಿವರ ಮಸುಕಾದ ಪಾರ್ಸೆಲ್‌ಗಳು ಮಾತ್ರ ಒಂದೊಂದಾಗಿ ಮರಳಿ ಬರುತ್ತವೆ. ತಡವಾದರೆ ಗಿರಾಕಿ ಮತ್ತೆ ಆರ್ಡರ್ ಕೊಡುವುದಿಲ್ಲ, ಈ ನಷ್ಟ ಯಾವ ಅಂಕಿಅಂಶದಲ್ಲೂ ಸೇರುವುದಿಲ್ಲ.

ದೇಶದಲ್ಲಿ ಈಗ ಸಾವಿರಕ್ಕೂ ಹೆಚ್ಚು ಡಾಕ್ ಘರ್ ನಿರ್ಯಾತ್ ಕೇಂದ್ರಗಳು, ಅಂದರೆ ಅಂಚೆ ಕಚೇರಿಯ ರಫ್ತು ಕೇಂದ್ರಗಳು, ಇವೆ. ರಫ್ತು ಅರ್ಜಿಯನ್ನು ಆನ್‌ಲೈನ್‌ನಲ್ಲೇ ತುಂಬಬಹುದು. ದಾರಿ ಇದೆ, ದಾರಿ ತೋರುವವರಿಲ್ಲ. ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಬಿದ್ರಿ ಸಾಮಾನು, ಮೈಸೂರಿನ ಅಗರಬತ್ತಿ: ಇಂಥ ಪ್ರತಿಯೊಂದಕ್ಕೂ ಸರಿಯಾದ ಸಂಕೇತ, ಒಪ್ಪಿತವಾಗುವ ಇಂಗ್ಲಿಷ್ ವರ್ಣನೆ, ಪಕ್ಕದಲ್ಲಿ ಕನ್ನಡ ವಿವರಣೆ ಇರುವ ಒಂದೇ ಹಾಳೆಯ ಪಟ್ಟಿಯನ್ನು ಅಂಚೆ ಮತ್ತು ಕಸ್ಟಮ್ಸ್ ಇಲಾಖೆಗಳು ಕೂಡಿ ಮಾಡಿ, ಮುಂದಿನ ಹಬ್ಬದ ಸಾಲು ಶುರುವಾಗುವ ಮುನ್ನ ಪ್ರತಿ ಕೌಂಟರಿನಲ್ಲೂ ಅಂಟಿಸಲಿ.